ಪುರುಸೊತ್ತಿನ ಗಾಳಿ, ಗಡಬಡಿ ಗಾಳಿ

ಕಳೆದ ತಿಂಗಳು ಬೆಟಗೇರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿ ನಡೆದಿರುವಾಗ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಕಲ್ಯಾಣ ಮಂಟಪದ ಹಿಂದುಗಡೆ ಜನರೇಟರ್ ಗುಡುಗುಟ್ಟಿತು, ಕಿಟಕಿಯಿಂದ ಸುಟ್ಟ ಡೀಸೆಲ್ಲಿನ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಆ ಗಾಳಿಯನ್ನು ಒಳಗೆಳೆದುಕೊಂಡೆ. ಕಾದ ಕಬ್ಬಿಣ, ಎಣ್ಣೆ, ಜೊತೆಗೆ ಒಂದಿಷ್ಟು ಹತ್ತಿಯ ಧೂಳು... ಹತ್ತಿಯ ಧೂಳು ಅಲ್ಲಿ ಇರಲೇ ಇಲ್ಲ, ಅದನ್ನು ಸೇರಿಸಿಕೊಂಡದ್ದು ನನ್ನ ಮೂಗು. ಎಂಬತ್ತು ದಾಟಿದ ಮೇಲೂ ಆ ವಾಸನೆ ನನಗೆ ಒಬ್ಬ ಮನುಷ್ಯನ ವಾಸನೆಯಾಗಿಯೇ ಉಳಿದಿದೆ. ಅವರನ್ನು ನಾನು ಮಿಸ್ತ್ರಿ ಕಾಕಾ ಎಂದು ಕರೆಯುತ್ತಿದ್ದೆ.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಆಗಿದ್ದ ಕಾಲ. ಗದಗಿನಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆಗೇ ಒಂದು ಜಿನ್ ಇತ್ತು. ಹತ್ತಿಯಿಂದ ಕಾಳು ಬೇರೆ ಮಾಡುವ ಕಾರ್ಖಾನೆಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅಪ್ಪನದು ಹತ್ತಿಯ ಅಡತಿ, ಅಂದರೆ ದಲ್ಲಾಳಿ ಅಂಗಡಿ, ಜಿನ್ನಿನ ಮಾಲಕರು ಅಪ್ಪನ ಸ್ನೇಹಿತರು. ಮಿಸ್ತ್ರಿ ಕಾಕಾ ಅಲ್ಲಿಯ ಎಂಜಿನ್ ನಡೆಸುವವರು. ಅಡರಕಟ್ಟಿಯ ಒಕ್ಕಲುತನದ ಮನೆಯವರು. ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಪಾಸಾಗಿ, ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಗದಗಿಗೆ ಬಂದವರು. ಗಿಡ್ಡನೆಯ ಆಳು, ಖಾಕಿ ಅಂಗಿ, ಬಿಳಿ ಧೋತರ. ಎಂಜಿನ್ನಿನ ಸದ್ದಿಗೆ ಎಡಗಿವಿ ಮಂದವಾಗಿತ್ತು. ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಬಲಗಿವಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಯಾವ ಭಾಗಕ್ಕೆ ಏನಾಗಿದೆ ಎಂಬುದು ಅವರಿಗೆ ಹಾಗೆ ತಿಳಿಯುತ್ತಿತ್ತು. ನಾನು ಚಿಕ್ಕವಳಿದ್ದಾಗ ಅದನ್ನು ನೋಡಲೆಂದೇ ಗೋಡೆ ಹತ್ತುತ್ತಿದ್ದೆ.

ಆದರೆ ಆ ವರ್ಷ ನನಗೆ ಗೋಡೆ ಹತ್ತುವ ವಯಸ್ಸೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಬಿಎಸ್ಸಿಗಿಂತ ಮೊದಲಿನ ಇಂಟರ್ ಸಾಯನ್ಸಿನಲ್ಲಿ ಫೇಲಾಗಿ ಮನೆಗೆ ಬಂದಿದ್ದೆ. ನಮ್ಮ ಓಣಿಯಿಂದ ಧಾರವಾಡಕ್ಕೆ ಹೋಗಿ ಸಾಯನ್ಸ್ ಓದಿದ ಮೊದಲ ಹುಡುಗಿ ನಾನು. ಹೋಗುವಾಗ ಎಷ್ಟು ಜನ ನೋಡಿದ್ದರೋ, ತಿರುಗಿ ಬಂದಾಗಲೂ ಅಷ್ಟೇ ಜನ ನೋಡಿದರು. ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂದಿತ್ತು. ಆ ಊರು ಸಂಸ್ಥಾನದ ಆಡಳಿತದಿಂದ ಹೊರಬಂದು ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನೇ. ಅಪ್ಪ ಬೈಯಲಿಲ್ಲ. ಒಂದು ಮುಂಜಾನೆ ಚಹಾ ಕುಡಿಯುತ್ತ, ಮುಖ ನೋಡದೆ ಹೇಳಿದರು.

"ಮಾರ್ಚಿಗೆ ಇನ್ನೊಂದ್ ಸರತಿ ಕುಂಡ್ರು. ಪಾಸಾದಿ, ಓದು. ಇಲ್ಲಂದ್ರ ಲಕ್ಷ್ಮೇಶ್ವರದವ್ರಿಗೆ ಹ್ಞೂಂ ಅಂತೇನಿ. ಆಮ್ಯಾಲೆ ನೀ ಅಳಬಾರದು."

ನನ್ನನ್ನು ಕೆಡವಿದ್ದು ಭೌತಶಾಸ್ತ್ರದ ಉಷ್ಣದ ಭಾಗ. ಗಾಳಿಯನ್ನು ಒತ್ತುವ ಎರಡು ರೀತಿಗಳು, ಐಸೋಥರ್ಮಲ್ ಮತ್ತು ಅಡಯಾಬ್ಯಾಟಿಕ್. ಎರಡಕ್ಕೂ ಪುಸ್ತಕದಲ್ಲಿ ಒಂದೊಂದು ಬಾಗಿದ ಗೆರೆ ಬರೆದಿದ್ದರು, ಎರಡನೆಯದು ಮೊದಲನೆಯದಕ್ಕಿಂತ ಕಡಿದಾಗಿತ್ತು. ಇಂಗ್ಲಿಷಿನ ವ್ಯಾಖ್ಯೆಗಳು ನನಗೆ ಅಕ್ಷರ ಬಿಡದೆ ಬರುತ್ತಿದ್ದವು. ಯಾಕೆ ಕಡಿದು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದಾಗ ಮಾತ್ರ ಬಾಯಿ ಕಟ್ಟಿತ್ತು. ಹೊಸ ವರ್ಷ ಹುಟ್ಟಿ ಫೆಬ್ರುವರಿ ಬಂದರೂ ಆ ಪುಟ ನನಗೆ ಗೋಡೆಯಾಗಿಯೇ ನಿಂತಿತ್ತು.

ಅದೇ ಫೆಬ್ರುವರಿಯಲ್ಲಿ ಗೋಡೆಯ ಆಚೆ ಮಿಸ್ತ್ರಿ ಕಾಕಾನಿಗೂ ತೊಂದರೆ ಶುರುವಾಯಿತು. ಜಿನ್ನಿನ ಹಳೆಯ ಎಂಜಿನ್ನಿಗೆ ದಿನಾ ಮುಂಜಾನೆ ಉರಿಯುವ ದೀಪ ಹಿಡಿದು ತಲೆ ಕಾಯಿಸಬೇಕಿತ್ತು, ಕಾದ ಮೇಲೆ ಅದು ನಡೆಯುತ್ತಿತ್ತು. ಹದಿನೈದು ವರ್ಷ ಅವರು ಅದನ್ನೇ ಮಾಡಿದ್ದರು. ಆ ವರ್ಷದ ಸುಗ್ಗಿಗೆ ಮಾಲಕರು ಹೊಸ ಡೀಸೆಲ್ ಎಂಜಿನ್ ತರಿಸಿದರು. ಅದಕ್ಕೆ ದೀಪ ಬೇಡ. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಬಾಟಲಿ ಇತ್ತು. ಸಣ್ಣದೊಂದು ಕಂಪ್ರೆಸರ್ ನಡೆಸಿ ಸಂಜೆ ಆ ಬಾಟಲಿಗೆ ಗಾಳಿ ತುಂಬಿಡಬೇಕು. ಮುಂಜಾನೆ ವಾಲ್ವ್ ತಿರುವಿದರೆ ಆ ಗಾಳಿಯ ಹೊಡೆತಕ್ಕೇ ದೊಡ್ಡ ಎಂಜಿನ್ ತಿರುಗಿ ಹತ್ತಿಕೊಳ್ಳಬೇಕು.

ಸಂಜೆ ಬಾಟಲಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆಗೆ ಬರುವವರೆಗೆ ಕಾಕಾ ತುಂಬುತ್ತಿದ್ದರು. ಮುಂಜಾನೆ ನೋಡಿದರೆ ಮುಳ್ಳು ಕೆಳಗಿಳಿದಿರುತ್ತಿತ್ತು. ಎಂಜಿನ್ ಒಂದು ಸುತ್ತು ಹೊರಳಿ, ಉಸಿರು ಬಿಟ್ಟು ನಿಲ್ಲುತ್ತಿತ್ತು. ಮತ್ತೆ ಗಾಳಿ ತುಂಬಿ ಹಚ್ಚುವಷ್ಟರಲ್ಲಿ ಮಧ್ಯಾಹ್ನ. ಮಲ್ಲಸಮುದ್ರ, ಕಣಗಿನಹಾಳ, ಮುಂಡರಗಿ ಕಡೆಯ ಹತ್ತಿ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿರುತ್ತಿದ್ದವು. ಗಾಡಿಯವರು ಎತ್ತುಗಳನ್ನು ನೊಗದಿಂದ ಬಿಚ್ಚಿ, ಜಿನ್ನಿನ ಕಡೆ ನೋಡುತ್ತ ಕೂತಿರುತ್ತಿದ್ದರು.

ಮಾಲಕರಿಗೆ ಅನುಮಾನ, ಕಾಕಾ ವಾಲ್ವನ್ನು ಸರಿಯಾಗಿ ಮುಚ್ಚುವುದಿಲ್ಲ ಎಂದು. ಕಾಕಾ ಕೊಳವೆಯ ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ ನೋಡಿದ್ದರು, ಎಲ್ಲೂ ಒಂದು ಗುಳ್ಳೆ ಎದ್ದಿರಲಿಲ್ಲ. ಅದನ್ನು ಯಾರೂ ನಂಬಲಿಲ್ಲ. ಒಂದು ದಿನ ಹಿತ್ತಲಲ್ಲಿ ಓದುತ್ತ ಕುಳಿತಾಗ ಮಾಲಕರ ಮಾತು ನನಗೇ ಕೇಳಿಸಿತು. ಸೋಲಾಪುರದಿಂದ ಸರ್ಟಿಫಿಕೇಟ್ ಇದ್ದ ಮನುಷ್ಯನನ್ನು ಕರೆಸುತ್ತೇನೆ, ಎಂಟು ದಿನದಲ್ಲಿ ಸರಿಯಾಗದಿದ್ದರೆ ನೀವು ಊರಿಗೆ ಹೋಗಬಹುದು ಎಂದರು.

ಮರುದಿನ ಮಧ್ಯಾಹ್ನ ನಾನು ಜಿನ್ನಿಗೆ ಹೋದೆ. ಒಬ್ಬಳೇ ಹೋಗುವ ಹಾಗಿರಲಿಲ್ಲ, ಸೋದರತ್ತೆ ಜೊತೆಗೆ ಬಂದರು. ಗಂಡ ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಶಾಲೆಯ ಮುಖ ಕಂಡವರಲ್ಲ. ಕಾಕಾ ಒಂದು ಕೈಯಲ್ಲಿ ನಟ್ಟು ತಿರುವುವ ಪಾನಾ ಹಿಡಿದು ಬಾಟಲಿಯ ಮುಂದೆ ಕೂತಿದ್ದರು. ಆಗಷ್ಟೇ ಗಾಳಿ ತುಂಬಿ ಮುಗಿಸಿದ್ದರು. ನಾನು ಸಮಾಧಾನ ಹೇಳಲು ಹೋದವಳು, ಹೇಳಲು ಬಾರದೆ, ದೀಪ ಇಲ್ಲದೆ ಈ ಎಂಜಿನ್ ಹೇಗೆ ಹತ್ತಿಕೊಳ್ಳುತ್ತದೆ ಎಂದು ಕೇಳಿದೆ.

ಒಳಗೆ ಪಿಸ್ಟನ್ ಗಾಳಿಯನ್ನು ಭರ್ರನೆ ಒತ್ತುತ್ತದೆ, ಒತ್ತಿದ ಗಾಳಿ ಕೆಂಡದಂತೆ ಕಾಯುತ್ತದೆ, ಮೇಲೆ ಎಣ್ಣೆ ಬಿದ್ದ ಕೂಡಲೇ ಹತ್ತಿಕೊಳ್ಳುತ್ತದೆ ಎಂದು ಅವರು ಹೇಳಿದರು. ನನಗೆ ಪುಸ್ತಕ ನೆನಪಾಯಿತು. ಅಡಯಾಬ್ಯಾಟಿಕ್ ಅಂದರೆ ಅದೇ ಎಂದು ಇಂಗ್ಲಿಷಿನ ವ್ಯಾಖ್ಯೆಯನ್ನು ಪೂರ್ತಿ ಒಪ್ಪಿಸಿದೆ. ಕಾಕಾ ಬಲಗಿವಿ ನನ್ನ ಕಡೆ ತಿರುಗಿಸಿ ಕೊನೆಯವರೆಗೆ ಕೇಳಿದರು.

"ಛಂದ ಹೇಳಿದಿ ಯವ್ವಾ. ಅದರ ಅರ್ಥ ಏನಾತು?"

ಮುಖಕ್ಕೆ ರಕ್ತ ಏರಿತು. ಕನ್ನಡದಲ್ಲಿ ಒಂದೊಂದೇ ಮಾತು ಹುಡುಕಿ, ಗಾಳಿಯಿಂದ ಬಿಸಿ ಹೊರಗೆ ಹೋಗುವುದಿಲ್ಲ, ಹೊರಗಿನಿಂದ ಒಳಗೂ ಬರುವುದಿಲ್ಲ, ಅಂಥ ಸ್ಥಿತಿಯಲ್ಲಿ ಒತ್ತುವುದು ಎಂದೆ. ಇನ್ನೊಂದು ರೀತಿಯಲ್ಲಿ ಒತ್ತಿದಾಗ ಹುಟ್ಟಿದ ಬಿಸಿಯೆಲ್ಲ ಹೊರಗೆ ಹೋಗುತ್ತದೆ, ಗಾಳಿ ಮೊದಲು ಎಷ್ಟು ಬೆಚ್ಚಗಿತ್ತೋ ಅಷ್ಟೇ ಇರುತ್ತದೆ ಎಂದೆ. ಅಷ್ಟು ಹೇಳುವುದರಲ್ಲಿ ಬೆವೆತು ಹೋಗಿದ್ದೆ.

ಅಷ್ಟರಲ್ಲಿ ಅತ್ತೆ, ನಿಂತು ಕಾಲು ನೋವಾಗಿರಬೇಕು, ಬಾಟಲಿಯ ಮೇಲೆ ಕೈ ಊರಿ ಫಕ್ಕನೆ ಹಿಂದಕ್ಕೆ ತೆಗೆದರು.

"ಇದು ಕಾದೈತಲ್ಲೋ ಮಿಸ್ತ್ರಿ. ಆರಿದ ಮ್ಯಾಲೆ ಮುಳ್ಳು ಇಳಿಯೂದ. ಹಂಚಿನ ಮ್ಯಾಲೆ ರೊಟ್ಟಿ ಉಬ್ಬಿ, ಕೆಳಗ ತಗದ ಮ್ಯಾಲೆ ಇಳಿಯೂದಿಲ್ಲೇನು?"

ಕಾಕಾ ಎದ್ದು ಬಾಟಲಿಯ ಮೈಗೆ ಎರಡೂ ಅಂಗೈ ಹಚ್ಚಿದರು. ದಿನಾ ಮುಟ್ಟುತ್ತಿದ್ದ ಬಾಟಲಿ ಅದು. ಕಂಪ್ರೆಸರಿನ ಪಕ್ಕದಲ್ಲಿ ಎಲ್ಲವೂ ಕಾದಿರುತ್ತದೆ, ಹಾಗಾಗಿ ಅದರ ಕಡೆ ಅವರ ಲಕ್ಷ್ಯ ಹೋಗಿರಲಿಲ್ಲ. ನಾನು ಪುಸ್ತಕ ತೆರೆದು ಅದೇ ಪುಟವನ್ನು ನೋಡಿದೆ. ಸಂಜೆ ಕೆಂಪು ಗೆರೆ ಮುಟ್ಟುತ್ತಿದ್ದ ಮುಳ್ಳು ಗಾಳಿ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತಿರಲಿಲ್ಲ, ಅದರ ಬಿಸಿಯನ್ನೂ ಸೇರಿಸಿ ಹೇಳುತ್ತಿತ್ತು. ರಾತ್ರಿಯಿಡೀ ಬಾಟಲಿ ಆರುತ್ತಿತ್ತು. ಗಾಳಿ ಎಲ್ಲೂ ಸೋರಿರಲಿಲ್ಲ, ಬಿಸಿ ಮಾತ್ರ ಹೋಗಿತ್ತು. ಹಾಗಾದರೆ ಬಿಸಿ ಏರಗೊಡದೆ ತುಂಬಬೇಕು...

ಮುಂದಿನದನ್ನು ಕಾಕಾ ತಾವೇ ಯೋಚಿಸಿದರು. ಮರುದಿನ ಬಾವಿಯಿಂದ ನೀರು ತರಿಸಿ, ಗೋಣಿತಟ್ಟುಗಳನ್ನು ತೋಯಿಸಿ ಬಾಟಲಿಯ ಸುತ್ತ ಸುತ್ತಿದರು. ಕಂಪ್ರೆಸರನ್ನು ಸ್ವಲ್ಪ ಹೊತ್ತು ನಡೆಸುವುದು, ನಿಲ್ಲಿಸುವುದು, ಗೋಣಿ ಸರಿಸಿ ಕೈಯಿಟ್ಟು ನೋಡುವುದು, ತಣ್ಣಗಾದ ಮೇಲೆ ಮತ್ತೆ ನಡೆಸುವುದು. ಎರಡು ತಾಸಿನ ಕೆಲಸಕ್ಕೆ ಮಧ್ಯಾಹ್ನದಿಂದ ಸಂಜೆಯವರೆಗೆ ಹಿಡಿಯಿತು. ಕೆಲಸದವರು ನಗುತ್ತಿದ್ದರು, ಮಿಸ್ತ್ರಿ ಬಾಟಲಿಗೆ ಜಳಕ ಮಾಡಿಸುತ್ತಾನೆ ಎಂದು. ಅತ್ತೆ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆದರು, ನಾನು ಗೇಜಿನ ಮುಳ್ಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಳ್ಳು ಕೆಂಪು ಗೆರೆಗೆ ಬಂದಾಗ ಬಾಟಲಿ ನೀರಿನ ಕೊಡದಷ್ಟು ತಂಪಾಗಿತ್ತು.

ಮುಂಜಾನೆ ನಾನು ಹೋಗುವುದರೊಳಗೆ ಮಾಲಕರು ಬಂದಿದ್ದರು, ಅಪ್ಪನೂ ಇದ್ದರು. ಗಾಡಿಯವರು ಬಾಗಿಲಲ್ಲಿ ಗುಂಪುಗೂಡಿದ್ದರು. ಕಾಕಾ ಗೇಜಿನ ಗಾಜನ್ನು ಧೋತರದ ಚುಂಗಿನಿಂದ ಒರೆಸಿದರು. ಮುಳ್ಳು ಕೆಂಪು ಗೆರೆಯ ಮೇಲೆಯೇ ಇತ್ತು. ಅವರು ಯಾರ ಕಡೆಗೂ ನೋಡದೆ ವಾಲ್ವ್ ತಿರುವಿದರು. ಎಂಜಿನ್ ಒಂದು ಸುತ್ತು, ಎರಡು ಸುತ್ತು ಹೊರಳಿ, ಮೂರನೆಯದಕ್ಕೆ ಹತ್ತಿಕೊಂಡಿತು. ನೆಲ ನಡುಗಿತು. ಮಾಲಕರು ಏನೋ ಹೇಳಿದರು, ಆ ಸದ್ದಿನಲ್ಲಿ ಕೇಳಿಸಲಿಲ್ಲ, ಕಾಕಾನ ಹೆಗಲ ಮೇಲೆ ಕೈಯಿಟ್ಟದ್ದು ಮಾತ್ರ ಕಂಡಿತು. ಸೋಲಾಪುರದ ಮಾತು ಅಲ್ಲಿಗೆ ಮುಗಿಯಿತು.

ಎಲ್ಲರೂ ಹೋದ ಮೇಲೆ ಕಾಕಾ ನನ್ನನ್ನು ಹತ್ತಿರ ಕರೆದು ಬಾಟಲಿ ಮುಟ್ಟಿ ನೋಡು ಎಂದರು. ಅಷ್ಟು ಗಾಳಿಯನ್ನು ಒಮ್ಮೆಲೇ ಬಿಟ್ಟದ್ದಕ್ಕೆ ಅದು ಮುಂಜಾನೆಗಿಂತ ಇನ್ನೂ ತಣ್ಣಗಾಗಿತ್ತು. ಒತ್ತಿದಾಗ ಕಾಯುವುದು, ಬಿಟ್ಟಾಗ ಆರುವುದು, ಎರಡೂ ನನ್ನ ಅಂಗೈಗೆ ತಿಳಿದದ್ದು ಆ ದಿನ. ಆಮೇಲೆ ನಾನು ಪುಸ್ತಕದ ಎರಡು ಗೆರೆಗಳನ್ನು ತೋರಿಸಿ, ಎರಡನೆಯದು ಯಾಕೆ ಕಡಿದು ಎಂಬುದೇ ನನಗೆ ತಿಳಿಯದ ಪ್ರಶ್ನೆ ಎಂದೆ. ಅವರು ಗೆರೆಯ ಮೇಲೆ ಬೆರಳಾಡಿಸಿದರು. ಎಣ್ಣೆಯ ಗುರುತು ಕಾಗದದ ಮೇಲೆ ಉಳಿಯಿತು.

"ಇದು ಪುರುಸೊತ್ತಿನ ಗಾಳಿ. ಎಷ್ಟು ಒತ್ತಿದಿ, ಅಷ್ಟ ಏರೈತಿ. ಇದು ಗಡಬಡಿ ಗಾಳಿ. ಒತ್ತಿದ್ದಕ್ಕೂ ಏರೈತಿ, ಕಾದದ್ದಕ್ಕೂ ಏರೈತಿ. ಮತ್ತ ಕಡಿದು ಆಗಲಾರದ ಏನ್ ಮಾಡೀತು?"

ಇಷ್ಟೇ. ಒಂದು ವರ್ಷ ನನ್ನೆದುರು ನಿಂತಿದ್ದ ಗೋಡೆ ಇಷ್ಟು ಮಾತಿಗೆ ಬಿತ್ತು. ಮರುದಿನ ಅವರೇ ಒಂದು ಹೊಸ ಪ್ರಶ್ನೆ ತಂದರು. ಬಾಟಲಿಗೆ ಹಸಿ ಗೋಣಿಯ ಬದಲು ದಪ್ಪ ಕೌದಿ ಹೊಚ್ಚಿ, ಸಾವಕಾಶವಾಗಿಯೇ ತುಂಬಿದರೆ? ಬಿಸಿ ಹೊರಗೆ ಹೋಗಲಾರದು, ಆಗ ಪುರುಸೊತ್ತಿದ್ದರೂ ಅದು ಗಡಬಡಿ ಗಾಳಿಯ ಹಾಗೇ ಆಗಬೇಕಲ್ಲ? ಪುಸ್ತಕದಲ್ಲಿ ಹುಡುಕಿದೆ. ಅವರ ಮಾತೇ ಸರಿ ಇತ್ತು. ಬೇಗ, ಸಾವಕಾಶ ಎನ್ನುವುದು ಮುಖ್ಯವಲ್ಲ, ಬಿಸಿಗೆ ದಾರಿ ಇದೆಯೋ ಇಲ್ಲವೋ ಎಂಬುದೇ ಮುಖ್ಯ ಎಂದು ಪುಸ್ತಕ ಹೇಳುತ್ತಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದಾಗ ಅವರ ಮುಖದಲ್ಲಿ ಬಂದ ಸಂತೋಷ... ಅದನ್ನು ಹೇಗೆ ಬರೆಯಲಿ. ತಮ್ಮ ತಲೆಯಲ್ಲಿ ಹೊಳೆದದ್ದು ದೂರದ ಯಾವುದೋ ದೇಶದ ಪುಸ್ತಕದಲ್ಲೂ ಇದೆ ಎಂದು ತಿಳಿದ ಮನುಷ್ಯನ ಸಂತೋಷ ಅದು.

ಮಾರ್ಚಿನಲ್ಲಿ ಮೌಖಿಕ ಪರೀಕ್ಷೆಗೆ ಕೂತಾಗ ಅದೇ ಪ್ರಶ್ನೆ ಬಂತು. ಹೋದ ವರ್ಷದ ಪರೀಕ್ಷಕರೇ. ನಾನು ಮುರುಕು ಇಂಗ್ಲಿಷಿನಲ್ಲಿ ಬಾಟಲಿ, ಹಸಿ ಗೋಣಿ, ಕೌದಿ, ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿ, ಇದನ್ನು ಯಾರು ಕಲಿಸಿದರು ಎಂದರು. ನಾನು ನಮ್ಮ ಕಾಲೇಜಿನ ಸರ್ ಎಂದುಬಿಟ್ಟೆ. ಧೋತರ ಉಟ್ಟ, ಎಣ್ಣೆ ಕೈಯ ಮನುಷ್ಯನನ್ನು ಅಲ್ಲಿ ನೆನೆಯಲು ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತು.

ಪಾಸಾದ ಸುದ್ದಿ ಹೇಳಲು ಹೋದಾಗ ಅದನ್ನೂ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಕಾಕಾ ಕೈ ಒರೆಸಿಕೊಳ್ಳುತ್ತ ನಿಂತರು. ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ನನ್ನ ಹೆಸರು ತಗೊಂಡು ಅವರೇನು ಮಾಡ್ತಿದ್ರು," ಎಂದರು. "ನಾಳೆ ನೀ ಯಾರಿಗರೆ ಕಲಸ್ತಿಯಲ್ಲಾ, ಆವಾಗ ಹೇಳು ಯವ್ವಾ."

ಅಪ್ಪ ಮಾತು ಉಳಿಸಿಕೊಂಡರು. ಲಕ್ಷ್ಮೇಶ್ವರಕ್ಕೆ ತಾವೇ ಹೋಗಿ, ಹುಡುಗಿ ಓದುತ್ತಾಳೆ ಎಂದು ಹೇಳಿ ಬಂದರು. ನಾನು ಬಿಎಸ್ಸಿ ಮುಗಿಸಿ ಗದಗಿಗೇ ಹುಡುಗಿಯರ ಹೈಸ್ಕೂಲಿಗೆ ಶಿಕ್ಷಕಿಯಾಗಿ ಬಂದೆ. ಅವತ್ತಿನಿಂದ ಕಾಕಾ ನನ್ನನ್ನು ಯವ್ವಾ ಎನ್ನುವುದು ಬಿಟ್ಟು, ಶಿಕ್ಷಕಿಯರನ್ನು ಕರೆಯುವ ಹಾಗೆ ಅಕ್ಕೋರ ಎನ್ನತೊಡಗಿದರು. ಬೇಡವೆಂದರೂ ಕೇಳಲಿಲ್ಲ.

ಮುಂಬಯಿ ಪ್ರಾಂತದ ನಾವು, ಹೈದರಾಬಾದಿನ ಕಡೆಯವರು, ಮೈಸೂರಿನವರು ಎಲ್ಲ ಒಂದೇ ರಾಜ್ಯವಾದದ್ದು ಅದಾದ ಮೂರು ನಾಲ್ಕು ವರ್ಷಕ್ಕೆ. ನವೆಂಬರಿನಲ್ಲಿ ಊರ ತುಂಬ ತೋರಣ. ಜಿನ್ನಿನ ಬಾಗಿಲಿಗೂ ಮಾವಿನ ತಳಿರು ಕಟ್ಟಿದ್ದರು. ಕಾಕಾ ನನ್ನನ್ನು ನಿಲ್ಲಿಸಿ ಒಂದೇ ಮಾತು ಕೇಳಿದ್ದರು, ಇನ್ನು ಮುಂದೆ ಎಂಜಿನ್ನಿನ ಪುಸ್ತಕಗಳೂ ಕನ್ನಡದಲ್ಲಿ ಬರುತ್ತವೆಯೇ ಎಂದು. ಬರುತ್ತವೆ ಎಂದೆ. ಅಷ್ಟು ಧೈರ್ಯದಿಂದ ಹೇಗೆ ಹೇಳಿದೆನೋ.

ಹಾಗೆ ಹೇಳಿದ ತಪ್ಪಿಗೆ ನಾನೇ ಕೂತು, ಮುಂದೆ ಕಾಲೇಜಿಗೆ ಹೋಗುವ ಮೇಲಿನ ತರಗತಿಯ ಹುಡುಗಿಯರಿಗಾಗಿ ಕನ್ನಡದಲ್ಲಿ ಪಾಠ ಬರೆಯತೊಡಗಿದೆ. ಐಸೋಥರ್ಮಲ್ಲಿಗೆ ಸಮತಾಪ, ಅಡಯಾಬ್ಯಾಟಿಕ್ಕಿಗೆ ಸ್ಥಿರೋಷ್ಣ. ಹಲಗೆಯ ಮೇಲೆ ಎರಡನ್ನೂ ಬರೆದ ದಿನ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಎರಡೂ ಒಂದ ಅಲ್ಲೇನ್ರಿ ಅಕ್ಕೋರ?" ಎಂದಳು. ಅವಳ ತಪ್ಪಿರಲಿಲ್ಲ. ತಾಪ ಅಂದರೆ ಗಾಳಿ ಎಷ್ಟು ಬೆಚ್ಚಗಿದೆ ಎಂಬುದು, ಉಷ್ಣ ಅಂದರೆ ಒಳಗೆ ಹೊರಗೆ ಓಡಾಡುವ ಬಿಸಿ. ಒಂದರಲ್ಲಿ ತಾಪ ಬದಲಾಗುವುದಿಲ್ಲ, ಇನ್ನೊಂದರಲ್ಲಿ ಉಷ್ಣ ಹೋಗುವುದೂ ಇಲ್ಲ, ಬರುವುದೂ ಇಲ್ಲ, ಅದಕ್ಕೇ ತಾಪ ಏರುತ್ತದೆ. ಎಷ್ಟು ಬಿಡಿಸಿ ಹೇಳಿದರೂ ಆ ಹುಡುಗಿಯ ಕಣ್ಣಿನಲ್ಲಿ ನನ್ನದೇ ಹಳೆಯ ಗೋಡೆ ಕಾಣುತ್ತಿತ್ತು.

ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ಪಡೆದು ಕಾಕಾನನ್ನು ಶಾಲೆಗೆ ಕರೆದೆ. ಅವರು ಎರಡು ದಿನ ಒಲ್ಲೆ ಎಂದರು. ತಾನು ಮುಲ್ಕಿ ಕಲಿತವನು, ಹೈಸ್ಕೂಲಿನಲ್ಲಿ ಏನು ಹೇಳಲಿ ಎಂಬುದೇ ಅವರ ಮಾತು. ಮೂರನೆಯ ದಿನ ಒಗೆದ ಧೋತರ ಉಟ್ಟು, ಎರಡು ಸೈಕಲ್ ಪಂಪು ಹಿಡಿದು ಬಂದರು. ನಾನು ಹುಡುಗಿಯರ ಮುಂದೆ ನಿಂತು, ನನಗೆ ಈ ಪಾಠ ಕಲಿಸಿದ ಗುರುಗಳು ಇವರು ಎಂದೆ. ಧಾರವಾಡದಲ್ಲಿ ನುಂಗಿದ್ದ ಮಾತನ್ನು ಅಂದು ಎಲ್ಲರೆದುರು ಹೇಳಿದೆ. ಕಾಕಾ ತಲೆ ತಗ್ಗಿಸಿ ಪಂಪಿನ ಹಿಡಿಕೆ ಸರಿಮಾಡತೊಡಗಿದರು.

ಅವರು ಹೆಚ್ಚು ಮಾತಾಡಲಿಲ್ಲ. ಒಬ್ಬಳಿಗೆ ಪಂಪಿನ ತೂತಿಗೆ ಬೆರಳು ಒತ್ತಿ ಹಿಡಿಯಲು ಹೇಳಿ, ಒಂದನ್ನು ಎಷ್ಟೋ ಹೊತ್ತು ನಿಧಾನವಾಗಿ ಒತ್ತಿದರು, ಇನ್ನೊಂದನ್ನು ಭರಭರನೆ. ಹುಡುಗಿಯರು ಸಾಲಾಗಿ ಬಂದು ಎರಡರ ಬುಡವನ್ನೂ ಮುಟ್ಟಿದರು. ಎರಡೂ ಒಂದೇ ಅಲ್ಲವೇ ಎಂದು ಕೇಳಿದ್ದವಳು ಎರಡು ಸಲ ಮುಟ್ಟಿದಳು. ಆಮೇಲೆ ಹಲಗೆಯ ಬಳಿ ಹೋಗಿ, ನಾನು ಹೇಳದೆಯೇ, ಎರಡು ಗೆರೆ ಎಳೆದಳು. ಒಂದು ಸಾಧಾರಣ, ಒಂದು ಕಡಿದು. ಕಾಕಾ ಬಾಗಿಲ ಹತ್ತಿರ ನಿಂತು ಅದನ್ನು ನೋಡಿ ನನ್ನ ಕಡೆ ತಿರುಗಿದರು. ಅವರ ಕಣ್ಣು ತೇವವಾಗಿತ್ತು. ನನ್ನದೂ.

ಮುಂದೆ ನನಗೆ ಮುಂಡರಗಿಗೆ ವರ್ಗವಾಯಿತು. ಒಂದು ಮಳೆಗಾಲದಲ್ಲಿ ಅಪ್ಪನ ಪತ್ರ ಬಂತು. ಕಾಕಾ ಅಡರಕಟ್ಟಿಗೆ ಹೋದವರು ಅಲ್ಲೇ ಜ್ವರದಿಂದ ತೀರಿಕೊಂಡಿದ್ದರು, ಪತ್ರ ನನ್ನ ಕೈ ಸೇರುವಾಗ ಮೂರು ದಿನ ಕಳೆದಿತ್ತು. ಆ ದಿನವೂ ನನಗೆ ತರಗತಿ ಇತ್ತು. ಪಾಠ ಮಾಡಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಜಿನ್ ಈಗ ಇಲ್ಲ, ಆ ಜಾಗದಲ್ಲಿ ಮನೆಗಳೆದ್ದಿವೆ. ಅತ್ತೆ, ಅಪ್ಪ ಇಬ್ಬರೂ ಹೋಗಿ ಎಷ್ಟೋ ವರ್ಷವಾಯಿತು. ಮದುವೆಯಿಂದ ಬಂದ ವಾರ ಮನಸ್ಸು ತಡೆಯದೆ ಅಡರಕಟ್ಟಿಗೆ ಹೋಗಿಬಂದೆ. ಕಾಕಾ ಇದ್ದಾಗ ಒಮ್ಮೆಯೂ ಹೋಗದ ಊರು. ಅವರ ಮೊಮ್ಮಗನ ಹೆಂಡತಿ ಚಾಪೆ ಹಾಸಿ ಕೂರಿಸಿದಳು. ಗೋಡೆಯ ಮೇಲೆ ಹಿರಿಯರ ಫೋಟೋಗಳಿದ್ದವು, ಅವರದಿರಲಿಲ್ಲ. ಕೇಳಿದೆ. ಅವರು ಫೋಟೋ ತೆಗೆಸಿಕೊಂಡೇ ಇರಲಿಲ್ಲವಂತೆ, ಅವರನ್ನು ಕಂಡವರು ಆ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.

"ನಮ್ಮ ಮುತ್ಯಾ ಹೆಂಗಿದ್ರು, ನೀವರೆ ಹೇಳ್ರೀ ಅಮ್ಮಾರ," ಎಂದಳು.

ಒಳಗಿನಿಂದ ಅವಳ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಸಾಯನ್ಸ್ ಓದುತ್ತಾಳಂತೆ. ನಾನು ಹೇಳತೊಡಗಿದೆ. ಎತ್ತರ, ಬಣ್ಣ, ಖಾಕಿ ಅಂಗಿ, ಮಂದ ಕಿವಿ, ಕೇಳುವಾಗ ತಲೆ ಓರೆ ಮಾಡುವ ರೀತಿ. ಅವರು ನಗುತ್ತಿದ್ದುದು ಹೇಗೆ ಎಂದು ಹುಡುಗಿ ಕೇಳಿದಳು. ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ... ಅಷ್ಟೂ ವರ್ಷ ಎದುರಿಗಿದ್ದ ಮನುಷ್ಯನ ನಗು ನನ್ನಲ್ಲಿ ಅಳಿಸಿಹೋಗಿತ್ತು. ಗೊತ್ತಿಲ್ಲ ಮಗಾ ಎಂದೆ. ಅವಳು ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದೆ ಕೂತಳು. ನೆನಪಿದ್ದಷ್ಟನ್ನು ಹೇಳಿ, ಬರೆದುಕೊಳ್ಳುತ್ತೇನೆ ಎಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೊದಲಿನಿಂದ ಹೇಳಿದೆ.